ಹನಿ ನೀರು, ಮುಳುಗು ನೀರು

ಹಲ್ಲು ಮೂಡುವ ಮೊದಲೇ ಅವಳಿಗೆ ದೀಕ್ಷಾಸ್ನಾನ ಆಗಿಹೋಗಿತ್ತು. ಮಾಡಿಸಿದವರು ಅವಳ ಅಪ್ಪನೇ. ಅಪ್ಪ ಮೆಥೋಡಿಸ್ಟ್ ಸಭೆಯ ಅಯ್ಯನವರು, ಅಂದರೆ ಪಾದ್ರಿ. ಬಿಷಪ್ಪರು ಎಲ್ಲಿಗೆ ಹೋಗು ಅಂದರೆ ಅಲ್ಲಿಗೆ ಗಂಟುಮೂಟೆ ಕಟ್ಟುವವರು. ಬಟ್ಟಲ ನೀರಿನಲ್ಲಿ ಬೆರಳದ್ದಿ ಮಗಳ ನೆತ್ತಿಗೆ ಹನಿಸಿ, ಬೈಬಲಿನ ಹೆಸರೊಂದನ್ನು ಇಟ್ಟಿದ್ದರು. ಆ ಹೆಸರು ಶಾಲೆಯ ಹಾಜರಿಗೆ ಮಾತ್ರ ಬಂತು. ಮೂವತ್ತು ದಾಟಿ, ರೆಡಿಮೇಡ್ ಅಂಗಡಿಯೊಂದರ ಹಿಂಭಾಗದಲ್ಲಿ ಕೂತು ಗಿರಾಕಿಗಳ ಪ್ಯಾಂಟು ಮೋಟು ಮಾಡುವ ಕಾಲಕ್ಕೂ ಎಲ್ಲರ ಬಾಯಲ್ಲಿ ಅವಳು ಪುಟ್ಟಿಯೇ.

ಪುಟ್ಟಿ ಕಟ್ಟಿಕೊಂಡದ್ದು ಬ್ಯಾಪ್ಟಿಸ್ಟ್ ಮನೆಯವನನ್ನು. ನಲ್ಲಿ, ಪೈಪು, ಬಾಯ್ಲರ್ ರಿಪೇರಿ ಅವನ ಕೆಲಸ. ಅವರ ಸಭೆಯಲ್ಲಿ ಕೂಸುಗಳಿಗೆ ನೀರು ಮುಟ್ಟಿಸುವುದಿಲ್ಲ. ಬುದ್ಧಿ ಬಂದು, ತಾನೇ ನಂಬಿ, ತನ್ನ ಬಾಯಿಂದ ಸಾಕ್ಷಿ ಹೇಳಿದವರನ್ನು ಮಾತ್ರ ತೊಟ್ಟಿಗಿಳಿಸಿ, ತಲೆ ಮುಳುಗುವಂತೆ ಅದ್ದಿ ಎತ್ತುತ್ತಾರೆ. ಬಿಷಪ್ಪರ ಹುಕುಂ ಅಲ್ಲಿಲ್ಲ. ಪಾಸ್ಟರನ್ನು ಕರೆಸುವುದಕ್ಕೂ ಸದಸ್ಯರೆಲ್ಲ ಒಪ್ಪಿ ಕೈ ಎತ್ತಬೇಕು, ಬಾಗಿಲಿಗೆ ಬಣ್ಣ ಬಳಿಯುವುದಕ್ಕೂ ಕೈ ಎತ್ತಬೇಕು. ಮದುವೆಯ ಹೊಸತರಲ್ಲಿ ಇದೆಲ್ಲ ತಮಾಷೆಯಾಗಿತ್ತು.

"ನಿಮ್ಮದು ತುಂತುರು, ನಮ್ಮದು ಹೊಳೆ," ಅನ್ನುತ್ತಿದ್ದ ಗಂಡ.

"ಅಷ್ಟೊಂದು ನೀರು ಬೇಕಾದರೆ ಕೊಳೆಯೂ ಅಷ್ಟೇ ಇರಬೇಕು ಬಿಡಿ," ಅನ್ನುತ್ತಿದ್ದಳು ಪುಟ್ಟಿ.

ತಮಾಷೆ ನಿಲ್ಲುತ್ತಿದ್ದದ್ದು ತಿಂಗಳ ಮೊದಲ ಭಾನುವಾರ. ಪ್ರಭು ಭೋಜನದ ತಟ್ಟೆ ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ಬರುತ್ತಿತ್ತು. ಮುಳುಗಿದವರಿಗಷ್ಟೇ ರೊಟ್ಟಿ, ದ್ರಾಕ್ಷಾರಸ; ಅದು ಆ ಸಭೆಯ ಕಟ್ಟಳೆ. ಅತ್ತೆ ತಟ್ಟೆಯನ್ನು ಪುಟ್ಟಿಯ ಮಡಿಲ ಮೇಲಿಂದ ದಾಟಿಸಿ ಮಗನಿಗೆ ಕೊಡುತ್ತಿದ್ದರು. ಪುಟ್ಟಿ ಬೆನ್ನನ್ನು ಬೆಂಚಿಗೆ ಒತ್ತಿ ದಾರಿ ಬಿಡುತ್ತಿದ್ದಳು. ಅತ್ತೆ ಕೆಟ್ಟವರಲ್ಲ. ದಾಟಿಸುವಾಗ ಸೊಸೆಯ ಮುಖ ಮಾತ್ರ ನೋಡುತ್ತಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಬಂದು ಮನೆಯ ಹಿಂದಿನ ಕೋಣೆಯಲ್ಲಿ ನೆಲೆಸಿದರು. ಕಾಲು ಸ್ವಾಧೀನ ತಪ್ಪಿತ್ತು, ನಾಲಿಗೆ ತಪ್ಪಿರಲಿಲ್ಲ. ಬೀಗರಿಬ್ಬರೂ ಊಟಕ್ಕೆ ಕೂತರೆ ತುತ್ತಿಗೊಂದು ವಾದ.

"ಒಮ್ಮೆ ದೇವರ ರಕ್ಷಣೆ ಸಿಕ್ಕವನು ಅದನ್ನ ಕಳಕೊಳ್ಳೋದೇ ಇಲ್ಲ," ಅತ್ತೆ ಹೇಳುವರು.

"ಹಿಡಿದ ಕೈಯನ್ನ ತಾನೇ ಬಿಟ್ಟರೆ ಬೀಳ್ತಾನೆ ತಾಯಿ. ನನ್ನ ಕಣ್ಣೆದುರೇ ಎಷ್ಟು ಜನ ಬಿದ್ದರು!" ಅನ್ನುವರು ಅಪ್ಪ.

ಇಬ್ಬರೂ ಕೊನೆಗೆ ಪುಟ್ಟಿಯ ಕಡೆ ತಿರುಗುತ್ತಿದ್ದರು. ಪುಟ್ಟಿ ಇನ್ನೊಂದು ಸೌಟು ಬಡಿಸಿ ಬಾಯಿ ಮುಚ್ಚಿಸುತ್ತಿದ್ದಳು.

ಹೀಗಿರುವಾಗ ಗಂಡನನ್ನು ಡೀಕನ್, ಅಂದರೆ ಸಭೆಯ ಸೇವಾಕಾರ್ಯ ನೋಡಿಕೊಳ್ಳುವ ಹಿರಿಯ, ಮಾಡಬೇಕೆಂದು ಸಭೆಯಲ್ಲಿ ಮಾತೆದ್ದಿತು. ತೊಟ್ಟಿಯ ಹೀಟರ್ ಕೆಟ್ಟಾಗಲೆಲ್ಲ ತಾನಾಗಿ ಹೋಗಿ ಸರಿಮಾಡುವವನು, ಕಾಯಿಲೆಯವರ ಪಕ್ಕ ಗಂಟೆಗಟ್ಟಲೆ ಕೂರುವವನು. ಅವನ ತಂದೆಯೂ ಸಾಯುವವರೆಗೆ ಡೀಕನ್ ಆಗಿದ್ದವರು. ಆದರೆ ಡೀಕನ್‌ನ ಹೆಂಡತಿ ಸಭೆಯ ಸದಸ್ಯೆಯಾಗಿರಬೇಕು. ಸದಸ್ಯೆಯಾಗಬೇಕಾದರೆ ಮುಳುಗಬೇಕು.

"ನಿನಗೆ ಮನಸ್ಸಿದ್ದರೆ ಮಾತ್ರ," ಎಂದ ಗಂಡ. "ಇಲ್ಲ ಅಂದರೆ ಬೇಡ. ನಾನೇನು ಬೇಜಾರು ಮಾಡ್ಕೊಳ್ಳಲ್ಲ."

ಅವನು ಹಟ ಮಾಡಿದ್ದರೆ ಪುಟ್ಟಿ ಜಗಳವಾದರೂ ಆಡುತ್ತಿದ್ದಳು. ಅವನೋ ಆಮೇಲೆ ಸೊಲ್ಲೆತ್ತಲಿಲ್ಲ. ತನ್ನ ಒಳ್ಳೆಯ ಕೋಟನ್ನು ಹೊರತೆಗೆದು ಬಿಸಿಲಿಗೆ ಹಾಕಿದ, ಅಷ್ಟೇ.

ಸಂಗತಿ ಹಿಂದಿನ ಕೋಣೆಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಅಪ್ಪ ಮಗಳನ್ನು ಕರೆದು ಮಂಚದ ಅಂಚಿನಲ್ಲಿ ಕೂರಿಸಿಕೊಂಡರು.

"ಎರಡನೇ ಸಲ ದೀಕ್ಷಾಸ್ನಾನ ಅನ್ನೋದೇ ಇಲ್ಲ, ಪುಟ್ಟಿ. ದೇವರು ಕೃಪೆ ಕೊಟ್ಟದ್ದು ನಿನಗೆ ಗೊತ್ತಾಗೋಕೆ ಮುಂಚೆ. ಅದು ಅವನ ಕೆಲಸ, ನಿಂದಲ್ಲ. ಈಗ ನೀನು ಮುಳುಗಿದರೆ ಆವತ್ತು ನಾನು ಹಾಕಿದ್ದು ಬರೀ ನಲ್ಲಿ ನೀರು ಅಂದ ಹಾಗೆ."

"ಹಾಗಲ್ಲ ಅಪ್ಪಾ…"

"ಮತ್ತೆ ಹೇಗೆ? ನಿಮ್ಮಮ್ಮ ನಿನ್ನ ಎತ್ತಿಕೊಂಡು ನಿಂತಿದ್ದಳು. ಅಳ್ತಾ ಇದ್ದಳು. ಅದೂ ಸುಳ್ಳಾ?"

ಪುಟ್ಟಿಗೆ ಅತ್ತ ದರಿ, ಇತ್ತ ಹುಲಿ. ಅಪ್ಪನ ಕೋಣೆಯಿಂದ ಹೊರಬಂದರೆ ಅಡುಗೆಮನೆಯಲ್ಲಿ ಅತ್ತೆ. ಅಲ್ಲಿಂದ ಹಜಾರಕ್ಕೆ ಬಂದರೆ ಕಿಟಕಿಯಲ್ಲಿ ಆ ಕೋಟು. ಅಂಗಡಿಗೆ ಹೋದರೆ ಹೊಲಿಗೆ ಮಿಷನ್ ಮೇಲೆ ಅತ್ತೆ ಕಳಿಸಿದ ಬಿಳಿ ಬಟ್ಟೆ. ತೊಟ್ಟಿಗೆ ಇಳಿಯುವವರು ತೊಡುವ ನಿಲುವಂಗಿ. "ನೀನೇ ಹೊಲಿ, ನಿನ್ನ ಅಳತೆಗೆ ಚೆನ್ನಾಗಿ ಕೂರುತ್ತೆ," ಎಂದು ಹೇಳಿಕಳಿಸಿದ್ದರು. ನೀರಿನಲ್ಲಿ ಬಟ್ಟೆ ಮೇಲೆ ತೇಲಿ ಮಾನ ಹೋಗದಿರಲೆಂದು ಅಂಚಿನ ಮಡಿಕೆಯೊಳಗೆ ಸೀಸದ ಗುಂಡುಗಳನ್ನು ಇಟ್ಟು ಹೊಲಿಯಬೇಕು. ಹೊಲಿದು ಮುಗಿಸಿ, ಸುಮ್ಮನೆ ಮೈಗೆ ಹಾಕಿ ನೋಡಿದಳು. ಅಂಗಿ ಹೆಗಲನ್ನು ಕೆಳಕ್ಕೆ ಜಗ್ಗಿತು. ಗಾಳಿ ಸಾಲದಂತಾಗಿ ಗಡಬಡಿಸಿ ತೆಗೆದಳು. ತೆಗೆಯುವಾಗ ಕುತ್ತಿಗೆ ಸಿಕ್ಕಿಕೊಂಡು, ಬಿಳಿ ಬಟ್ಟೆಯೊಳಗೇ ನಿಂತು ಅತ್ತಳು.

ಕೊನೆಗೆ ಒಪ್ಪಿಕೊಂಡಳು. ಮನೆಯಲ್ಲಿ ಉಸಿರಾಡುವಂತಾದರೆ ಸಾಕು ಅನಿಸಿತ್ತು. ಅಪ್ಪ ಗೋಡೆಯ ಕಡೆ ಮಗ್ಗುಲಾದರು. ಅವರಿಗೆ ಮಾತು ನಿಂತದ್ದು ಅದೇ ಮೊದಲು.

ನೀರಿಗಿಳಿಯುವ ಮೊದಲು ಸಭೆಯ ಮುಂದೆ ಸಾಕ್ಷಿ ಹೇಳಬೇಕು: ಕರ್ತನನ್ನು ಯಾವಾಗ ನಂಬಿದೆ, ಬದುಕು ಹೇಗೆ ತಿರುಗಿತು ಎಂದು. ಕೇಳಿ ಒಪ್ಪಿಗೆಯಾದರೆ ಸದಸ್ಯರು ಕೈ ಎತ್ತುತ್ತಾರೆ. ಅವಳಿಗಿಂತ ಮುಂಚೆ ಒಬ್ಬ ಲಾರಿ ಡ್ರೈವರ್ ಎದ್ದು, ಕುಡಿತ ಬಿಟ್ಟ ದಿನವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿ, ಎಲ್ಲರ ಕಣ್ಣಲ್ಲೂ ನೀರು ತರಿಸಿದ್ದ. ಪುಟ್ಟಿ ಬಾಯಿಪಾಠ ಮಾಡಿಕೊಂಡು ಬಂದ ನಾಲ್ಕು ಮಾತು ಅವನ ಕಥೆಯ ಮುಂದೆ ಪೇಲವವಾದವು.

"ನಾನು ಯಾವಾಗ ನಂಬಿದೆ ಅಂತ…" ಎಂದು ಶುರುಮಾಡಿ ನಿಂತಳು.

"ಹೇಳಮ್ಮ, ಹೆದರಬೇಡ," ಎಂದರು ಪಾಸ್ಟರ್. ಅವರು ಮೃದು ಮಾತಿನ ಮನುಷ್ಯ.

"ನಂಬದೇ ಇದ್ದ ದಿನ ಯಾವುದೂ ನೆನಪಿಗೆ ಬರ್ತಿಲ್ಲ, ಪಾಸ್ಟರ್. ಮಾತು ಬಂದಾಗಿನಿಂದ ಪ್ರಾರ್ಥನೆ ಬಂತು. ಸ್ವಲ್ಪ ದೊಡ್ಡವಳಾದ ಮೇಲೆ ನಮ್ಮ ಸಭೇಲಿ ಎದ್ದು ನಿಂತು, ನಂಬ್ತೀನಿ ಅಂತ ನನ್ನ ಬಾಯಿಂದಲೇ ಹೇಳಿದೀನಿ."

ಮುಂದಿನ ಸಾಲಿನ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, "ಹಾಗಾದರೆ ಈಗ ನೀರಿಗೆ ಯಾಕೆ ಇಳೀತೀಯಮ್ಮ?"

ಅದರಲ್ಲಿ ಕೊಂಕಿರಲಿಲ್ಲ. ಅದಕ್ಕೇ ಪುಟ್ಟಿಗೆ ಸುಳ್ಳು ಹೇಳಲಾಗಲಿಲ್ಲ.

"ಇವರು ಡೀಕನ್ ಆಗಲಿ ಅಂತ."

ಯಾರೋ ಕೆಮ್ಮಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪಾಸ್ಟರ್, "ಒಳ್ಳೇದು, ನಿಜ ಹೇಳಿದೆ. ಆದರೆ ಯಾರ ಸಲುವಾಗಿಯೂ ನಾವು ಯಾರನ್ನೂ ಮುಳುಗಿಸೋ ಹಾಗಿಲ್ಲಮ್ಮ," ಎಂದರು. ಲಾರಿ ಡ್ರೈವರನಿಗೆ ಕೈಗಳು ಎದ್ದವು. ಪುಟ್ಟಿಯ ಮಾತು ಅಲ್ಲಿಗೇ ಬಿತ್ತು. ಗಂಡ ಎದ್ದುನಿಂತು, ಡೀಕನ್ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಕೂತ. ದನಿ ನಡುಗಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು.

ಮನೆಗೆ ಬಂದರೆ ಅಪ್ಪ ಎದ್ದು ಕೂತಿದ್ದರು. ಯಾರೋ ಫೋನಿನಲ್ಲಿ ಆಗಲೇ ಊದಿದ್ದರು.

"ಭೇಷ್, ಪುಟ್ಟಿ! ನಮ್ಮ ಮಾತು ಗೆಲ್ಲಿಸಿ ಬಂದೆ!"

"ನಾನು ಯಾರ ಮಾತೂ ಗೆಲ್ಲಿಸಲಿಲ್ಲ ಅಪ್ಪಾ. ನಾನೇನು ಹಗ್ಗಾನಾ, ನೀವೊಂದು ಕಡೆ, ಅವರೊಂದು ಕಡೆ ಎಳೆಯೋಕೆ? ಒಬ್ಬರಾದರೂ ನಿನ್ನ ಮನಸ್ಸಲ್ಲಿ ಏನಿದೆ ಅಂತ ಕೇಳಿದಿರಾ?"

ಅಪ್ಪನ ನಗು ಮುಖದ ಮೇಲೇ ಒಣಗಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಸದ್ದಿಲ್ಲದೆ ಒಳಗೆ ಹೋದರು. ಆವತ್ತು ಊಟದ ಹೊತ್ತಿಗೆ ಬೀಗರಿಬ್ಬರೂ ಹವಾಮಾನದ ಬಗ್ಗೆ ಮಾತಾಡಿದರು. ಅತ್ತೆ ತಾವಾಗಿಯೇ ಬೀಗರ ತಟ್ಟೆಗೆ ಬಡಿಸಿದರು. ಸೊಸೆಗೆ ಬಡಿಸಲಿಲ್ಲ.

ಮುಂದಿನ ಭಾನುವಾರ ಪುಟ್ಟಿ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೆಥೋಡಿಸ್ಟ್ ಚರ್ಚಿಗೆ ಹೊರಟಳು. ಗಂಡ ಬಂದು ಕುರ್ಚಿಯ ಹಿಡಿಗೆ ಕೈ ಹಾಕಿದ. ಅಲ್ಲಿನ ಅಯ್ಯನವರು, ಕರ್ತನನ್ನು ಪ್ರೀತಿಸುವವರೆಲ್ಲ ಮೇಜಿಗೆ ಬನ್ನಿ ಎಂದು ಕರೆದರು. ಪುಟ್ಟಿ ಹೋಗಿ ಮೊಣಕಾಲೂರಿದಳು. ಪಕ್ಕದಲ್ಲಿ ಗಂಡನೂ ಮೊಣಕಾಲೂರಿದ. ಆದರೆ ಅಂಗೈ ತೆರೆಯಲಿಲ್ಲ. ರೊಟ್ಟಿ ಅವನನ್ನು ದಾಟಿ ಮುಂದೆ ಹೋಯಿತು. ತನ್ನ ಬಾಯಿಗೆ ಬಂದ ತುತ್ತು ಪುಟ್ಟಿಗೆ ಸುಲಭವಾಗಿ ಇಳಿಯಲಿಲ್ಲ.

ವಾಪಸ್ ಬರುವಾಗ ಅಪ್ಪ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಕೆಲವು ದಿನಗಳಿಂದ ಒಳಗೇ ಇಟ್ಟುಕೊಂಡಿದ್ದ ಸುದ್ದಿಯನ್ನು ಪುಟ್ಟಿ ಗಂಡನಿಗೆ ಹೇಳಿದಳು. ಡಾಕ್ಟರಮ್ಮ ಖಾತ್ರಿ ಮಾಡಿದ್ದರು.

ಗಂಡ ಅಲ್ಲೇ ನಿಂತುಬಿಟ್ಟ. ಬೀದಿ ಅನ್ನುವುದನ್ನೂ ಮರೆತು ಅವಳ ಎರಡೂ ಕೈ ಹಿಡಿದ. "ನಿಜವಾಗ್ಲೂ?" ಎಂದು ಮತ್ತೆ ಮತ್ತೆ ಕೇಳಿದ. ಕುರ್ಚಿ ಇಳಿಜಾರಿನಲ್ಲಿ ಜಾರುವುದರಲ್ಲಿತ್ತು. ಇಬ್ಬರೂ ಒಟ್ಟಿಗೆ ಹಾರಿ ಹಿಡಿದುಕೊಂಡರು.

ಇಬ್ಬರೂ ಕುರ್ಚಿ ತಳ್ಳುತ್ತಾ ಮುಂದೆ ನಡೆದರು. ಈ ಕೂಸಿಗೆ ಯಾವ ನೀರು ಎಂದು ಒಬ್ಬರ ತಲೆಯಲ್ಲಿ ಓಡುತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿತ್ತು. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಕೊನೆಗೆ ಗಂಡ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ ಹೊಲಿಯೋದು, ಅಲ್ವಾ?" ಎಂದ. ನಗಿಸಲು ನೋಡಿದ್ದ.

"ಕುಲಾವಿ ಹೊಲಿಯೋಕೆ ನನಗೆ ಕಷ್ಟ ಇಲ್ಲ ರೀ," ಎಂದಳು ಪುಟ್ಟಿ.

ಅಷ್ಟರಲ್ಲಿ ಅಪ್ಪ ಕಣ್ಣುಬಿಟ್ಟು, ತಲೆ ಹಿಂದಕ್ಕೆ ಹೊರಳಿಸಿ, "ಏನು ಕೂಸು? ಯಾರದು ಕೂಸು?" ಎಂದು ಕೇಳಿದರು.