ಗೇಟಿಗೆ ಬೀಗವಿಲ್ಲ

ಕಂಡಕ್ಟರ್ ಸೀಟಿ ಊದುತ್ತಾನೆ, ಮಣಿಪಾಲ ಉಡುಪಿ ಮಣಿಪಾಲ ಉಡುಪಿ, ಕುಕ್ಕುಂದೂರು ಹಿಂದೆ ಸರಿಯಿತು, ಅಮ್ಮನಿಗೆ ಈಗ ಏನು ಹೇಳಲಿ, ಮಲ್ಪೆಯಲ್ಲಿ ಒಣಮೀನಿನ ಬುಟ್ಟಿಯ ಪಕ್ಕ ಫೋನ್ ಇಟ್ಟುಕೊಂಡು ಕಾಯುತ್ತಿರುತ್ತಾಳೆ, ನೀನು ಕಾಲೇಜಿನಲ್ಲಿ ಧರ್ಮಗಳ ಪಾಠವನ್ನೇ ಮಾಡುವುದಲ್ವಾ ತಿಲಕ್, ತಂಗಿ ವಿಜೇತಾ ಸೇರಿದ್ದು ಹೊಸ ಧರ್ಮವಾ, ಮಂಕುಬೂದಿಯಾ, ನೋಡಿ ಬಾ, ನಾಡಿದ್ದು ಅಪ್ಪನಿಗೆ ಬಡಿಸಲಿಕ್ಕುಂಟು, ಅವಳು ಬೇಕು. ಪಾಠ ಮಾಡುತ್ತೇನೆ, ಹೌದು, ಹೊಸದೆಂದ ಮಾತ್ರಕ್ಕೆ ಕೆಟ್ಟದಲ್ಲ, ಎಲ್ಲ ಧರ್ಮಗಳೂ ಒಂದು ಕಾಲಕ್ಕೆ ಹೊಸವೇ, ವಿಚಿತ್ರವೆನ್ನುವುದೂ ಲೆಕ್ಕಕ್ಕಿಲ್ಲ — ಸತ್ತ ಅಪ್ಪನಿಗೆ ಪ್ರತಿ ಮಳೆಗಾಲ ಆಟಿ ತಿಂಗಳಲ್ಲಿ ಎಲೆ ಹಾಕಿ, ಕೋಳಿ ಸಾರು ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡೇಳುವವರೆಗೆ ಹೊರಗೆ ಕೂರುವ ನಾವು ಯಾರನ್ನು ವಿಚಿತ್ರ ಎನ್ನುವುದು — ಕೇಳಬೇಕಾದ್ದು ಹೊರಗೆ ಬರಲು ಬಿಡುತ್ತಾರಾ, ಪ್ರಶ್ನೆ ಸಹಿಸುತ್ತಾರಾ ಎಂದು. ಸಹಿಸುತ್ತಾರೆ. ಇವತ್ತು ಹೋಗಿ ನೋಡಿದೆನಲ್ಲ, ಅವರ ಆಶ್ರಮದ ಗೇಟಿಗೆ ಬೀಗವಿಲ್ಲ, ಫೋನ್ ತಂಗಿಯ ಕೈಯಲ್ಲೇ ಇತ್ತು, ಗಂಜಿ ಬಡಿಸುತ್ತಿದ್ದ ಐರಿನ್ ಎಂಬ ಮುದುಕಿ, ಎಂತ ಬೇಕಾದರೂ ಕೇಳಿ ಮಾರಾಯ್ರೆ ಎಂದರು, ಕೇಳಿಯೇಬಿಟ್ಟೆ, ನಿಮ್ಮ ಗುರು ಸರಸಕ್ಕ ದೇವರಾ, ಛೆ ಛೆ, ನಮ್ಮ ಹಾಗೇ ಮನುಷ್ಯರು, ಹಲ್ಲುನೋವೆಂದು ಕಾಪುವಿಗೆ ಹೋಗಿದ್ದಾರೆ — ಹಲ್ಲುನೋವಿನ ಗುರು, ಮನಸ್ಸು ಹಗುರಾಯಿತು, ಅಮ್ಮನಿಗೆ ಹೇಳುವ ವಾಕ್ಯವನ್ನೂ ಜೋಡಿಸಿಕೊಂಡೆ, ಹೆದರಬೇಡ, ಇದೊಂದು ಹೊಸ ದಾರಿ ಅಷ್ಟೇ. ವಿಜೇತಾ ಮೈಕೈ ತುಂಬಿಕೊಂಡಿದ್ದಾಳೆ, ನಗುತ್ತಾಳೆ, ಅಮ್ಮನ ಮೊಣಕಾಲು ಹೇಗುಂಟು ಎಂದು ವಿಚಾರಿಸಿದಳು. ಹಾಗಾದರೆ ನಾಡಿದ್ದು ಬರುತ್ತೀಯಲ್ಲ, ಅಪ್ಪನಿಗೆ ಬಡಿಸಲಿಕ್ಕೆ, ಎಂದೆ, ಎಷ್ಟು ಸುಲಭದ ಪ್ರಶ್ನೆ. ಬಾಯಿ ತೆರೆದಳು, ಮುಚ್ಚಿದಳು, ಕತ್ತು ತಿರುಗಿಸಿ, ಅಪ್ಪಣೆ ಕೇಳುವವಳ ಹಾಗೆ, ಜಗಲಿಯ ತುದಿಯಲ್ಲಿದ್ದ ಸರಸಕ್ಕನ ಕುರ್ಚಿಯ ಕಡೆ ನೋಡಿದಳು. ಬೆತ್ತದ ಕುರ್ಚಿ, ಯಾರೂ ಇರಲಿಲ್ಲ. ಆಮೇಲೆ ಈ ಕಡೆ ತಿರುಗಿ, ಬರುತ್ತೇನೆ ಅಣ್ಣ, ಯಾಕೆ ಬರುವುದಿಲ್ಲ, ಎಂದಳು.

ಹಿರಿಯಡ್ಕ ಬಂತು, ಯಾರೋ ಇಳಿದರು, ನನಗೆ ಹೆದರಿಕೆಯಾಗುತ್ತಿದೆ, ಸರಿಯಾಗಿಯೇ ಹೆದರಿದ್ದೇನೆ, ಯಾರೂ ಬೇಡವೆನ್ನಲಿಲ್ಲ, ಯಾರೂ ತಡೆಯಲಿಲ್ಲ, ಹದಿನೆಂಟು ವರ್ಷ ಪಾಠ ಮಾಡಿದವನಿಗೆ ಇದಕ್ಕೊಂದು ಹೆಸರು ಹೊಳೆಯುವುದಿಲ್ಲ. ಫೋನ್ ರಿಂಗಾಗುತ್ತದೆ, ಅಮ್ಮ, ಬರುತ್ತಾಳಂತೆ ಎಂದೆ, ಅಬ್ಬ, ಹಾಗಾದರೆ ಅವರು ಒಳ್ಳೆಯವರೇ ಅಲ್ವಾ, ಕೋಳಿ ಹೇಳಿಡುತ್ತೇನೆ, ಹೂಂ ಎಂದೆ, ಹೂಂ, ಮತ್ತೆ ಅವಳ ಕತ್ತು ತಿರುಗುತ್ತದೆ, ಬೆತ್ತದ ಕುರ್ಚಿ, ಅದರ ಬೆನ್ನಿಗೊಂದು ಟವೆಲ್, ಕತ್ತು ತಿರುಗುತ್ತದೆ, ಕುರ್ಚಿ, ಯಾರೂ ಇಲ್ಲ.