ಪಂಕಜಾಗೆ ಬಂದ ಸಕ್ಕರೆ ಕಾಯಿಲೆ

ವೆಂಕಟಸುಬ್ಬಯ್ಯನವರು ಮುಂಬಯಿ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಪರ್ಸೊನೆಲ್ ಆಫೀಸರು. ಆರೋಗ್ಯವಿಮೆಯವರು ಸಕ್ಕರೆ ಕಾಯಿಲೆಯವರಿಗಾಗಿ ಹೊಸ ಯೋಜನೆ ತಂದರು. ತಪಾಸಣೆ, ಊಟದ ಸಲಹೆ, ಮನೆಗೇ ಬರುವ ನರ್ಸು, ಎಲ್ಲ ಪುಕ್ಕಟೆ. ಅದಕ್ಕೆ ಜನ ಸೇರಿಸುವ ಹೊಣೆ ಇವರ ತಲೆಗೆ ಬಿತ್ತು. ಇವರು ಕ್ಯಾಂಟೀನಿನಲ್ಲಿ ಸ್ಟೂಲು ಹತ್ತಿ, ಕಾಯಿಲೆ ಮುಚ್ಚಿಡುವುದು ಅಜ್ಞಾನ ಎಂದು ಭಾಷಣ ಮಾಡಿದರು. ತುಂಬ ಸೊಗಸಾಗಿ ಬಂದಿತ್ತೆಂದು ಮನೆಯಲ್ಲಿ ಹೆಂಡತಿ ಪಂಕಜಾಗೆ ಇನ್ನೊಮ್ಮೆ ಮಾಡಿ ತೋರಿಸಿದರು. ತಮಗೇ ವರ್ಷಗಳಿಂದ ಸಕ್ಕರೆ ಇರುವುದನ್ನು ಮಾತ್ರ ಆ ಅಜ್ಞಾನಿಗಳಿಗೆ ಹೇಳಿರಲಿಲ್ಲ.

"ಹಾಗಾದ್ರೆ ನೀವೂ ಸೇರ್ಕೊಳ್ಳಿ" ಎಂದಳು ಪಂಕಜಾ.

"ಕಂಪನೀಲಿ ಜನ ಕಡಿಮೆ ಮಾಡ್ತಿದಾರೆ ಕಣೇ. ಮೊದಲು ಮನೆಗೆ ಕಳಿಸೋದು ಯಾರನ್ನ? ರೋಗಿಷ್ಟರನ್ನ."

"ಅದನ್ನ ಕ್ಯಾಂಟೀನಲ್ಲಿ ಹೇಳಿದ್ರಾ?"

"ಅಲ್ಲಿ ಟೈಮ್ ಇರಲಿಲ್ಲ."

ಸೇರುವುದೋ ಬೇಡವೋ ಎಂಬ ಮೀಮಾಂಸೆ ವಾರಗಟ್ಟಲೆ ನಡೆಯಿತು. ಊಟಕ್ಕೆ ಕೂತಾಗ ಸೇರಬೇಕೆನ್ನಿಸುತ್ತಿತ್ತು, ಕೈ ತೊಳೆಯುವಾಗ ಬೇಡವೆನ್ನಿಸುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಲೋಕಲ್ ರೈಲಿನ ನೂಕಾಟದಲ್ಲಿ ಅವರಿಗೆ ಜ್ಞಾನೋದಯವಾಯಿತು.

"ಯೋಜನೆ ಹೆಂಡತೀರಿಗೂ ಇದೆ. ನೀನು ಸೇರು. ಅವರು ನಿನಗೆ ಹೇಳಿದ್ದನ್ನ ನಾನು ಮಾಡ್ತೀನಿ."

"ನನಗೆಲ್ಲಿದೆ ಸಕ್ಕರೆ?"

"ಅದಕ್ಕೇನಂತೆ, ನನ್ನದಿದೆಯಲ್ಲ."

ಮಾರನೆಯ ದಿನ ಗಂಡನ ಮೂತ್ರ ಹೆಂಡತಿಯ ಹೆಸರು ಹೊತ್ತು ಬಾಟ್ಲಿಯಲ್ಲಿ ಲ್ಯಾಬಿಗೆ ಹೋಯಿತು. ಗಂಡನಿಗಾಗಿ ವ್ರತ, ಉಪವಾಸ ಎಲ್ಲ ಮಾಡಿದ್ದ ಪಂಕಜಾಗೆ ಇದೊಂದು ಬಾಕಿ ಇತ್ತು.

ನರ್ಸ್ ಪ್ರಫುಲ್ಲಾ ಬಂದಳು. ಹುಬ್ಬಳ್ಳಿಯವರ ಮಗಳು, ಬೆಳೆದದ್ದು ದಾದರಿನ ಚಾಳಿನಲ್ಲಿ. "ಭಾಭಿ, ಅನ್ನ ಕಮ್ಮಿ ಮಾಡ್ರಿ. ಮೀಠಾ ಬಿಲ್ಕುಲ್ ಬಂದ್. ದಿನಾ ವಾಕಿಂಗ್ ಹೋಗ್ರಿ."

ಪೇಪರಿನ ಮರೆಯಿಂದ ವೆಂಕಟಸುಬ್ಬಯ್ಯನವರು ಕೇಳಿದರು. "ಪಾದ ಜುಮ್ಮೆಂದರೆ?"

"ಭಾಭಿಗೆ ಪಾದ ಜುಂ ಅಂತಾವ?"

"ಹೂಂ, ಅವಳಿಗೆ ಬಹಳ."

ಒಂದು ವಾರ ಅವರೇ ಎಲ್ಲವನ್ನೂ ಪಾಲಿಸಿದರು. ಆಮೇಲೆ ವಾಕಿಂಗ್ ಪಂಕಜಾಳ ಪಾಲಿಗೆ ಬಂತು. ನೆರೆಹೊರೆಯವರ ಕಣ್ಣಿಗೆ ರೋಗಿ ಅವಳು ತಾನೆ? ಅನ್ನವೂ ಅವಳದೇ ಕಡಿಮೆಯಾಯಿತು. ಒಲ್ಲೆನೆಂದು ಅವಳು ಬಿಟ್ಟ ಶ್ರೀಖಂಡ ಹಾಳಾಗಬಾರದೆಂದು ಅವರು ತಿಂದರು.

ಮೂರು ತಿಂಗಳಾದ ಮೇಲೆ ಪ್ರಫುಲ್ಲಾ ಅವಳ ಬೆರಳಿಗೇ ಸೂಜಿ ಚುಚ್ಚಿ ರಕ್ತ ನೋಡಿದಳು. ಸಕ್ಕರೆ ಇರಲಿಲ್ಲ. ಇನ್ನೊಂದು ಬೆರಳು ಚುಚ್ಚಿದಳು. ಅಲ್ಲೂ ಇರಲಿಲ್ಲ. ವಿಮೆಯವರು ಹಿಗ್ಗಿಹೋದರು. ತಮ್ಮ ಯೋಜನೆಯಿಂದ ಯಾರಿಗಾದರೂ ಗುಣವಾದೀತೆಂದು ಅವರೂ ಎಣಿಸಿರಲಿಲ್ಲ. ಕ್ಯಾಂಟೀನಿನಲ್ಲಿ ಸನ್ಮಾನ ಎಂದು ಗೊತ್ತಾಯಿತು. ಹಾರ ಹಾಕುವವರು ಪರ್ಸೊನೆಲ್ ಆಫೀಸರು.

ಅಂದು ಬೆಳಿಗ್ಗೆ ರೇಷ್ಮೆ ಸೀರೆಯ ನೆರಿಗೆ ಹಿಡಿಯುತ್ತ ಪಂಕಜಾ ಕೇಳಿದಳು. "ನಾಲ್ಕು ಮಾತಾಡ್ಬೇಕಂತೆ. ಏನು ಹೇಳಲಿ?"

"ವಿಲ್ ಪವರ್ ಅಂತ ಹೇಳು."

"ಬಾಟ್ಲಿ ವಿಷಯ?"

ಅವರು ಶೇವಿಂಗ್ ನಿಲ್ಲಿಸಿದರು.

"ನೋಡಿ, ನೀವು ಇವತ್ತು ಯೋಜನೆಗೆ ಹೆಸರು ಕೊಟ್ರೆ ವಿಲ್ ಪವರ್. ಇಲ್ದಿದ್ರೆ ಬಾಟ್ಲಿ" ಎಂದು ಅವಳು ಸೆರಗು ಸರಿಮಾಡಿಕೊಂಡಳು. ದನಿ ಶಾಂತವಾಗಿತ್ತು. ಆದರೆ ಅವರ ಪಾದವನ್ನು ನೋಡಿ ಅವಳು ಎಷ್ಟೋ ದಿನದಿಂದ ಹೆದರಿದ್ದಳು.

ವೆಂಕಟಸುಬ್ಬಯ್ಯನವರು ಹೆಸರು ಕೊಟ್ಟರು. ಹೆಂಡತಿಯಿಂದ ಸ್ಫೂರ್ತಿ ಪಡೆದ ಅಧಿಕಾರಿ ಎಂದು ಮ್ಯಾನೇಜರು ಹೊಗಳಿದರು. ಕೆಲಸ ಹೋಗಲಿಲ್ಲ. ಆ ವರ್ಷ ಕಂಪನಿ ಮನೆಗೆ ಕಳಿಸಿದವರೆಲ್ಲ ಗಟ್ಟಿಮುಟ್ಟಾಗಿದ್ದವರೇ.

ಮೂರು ತಿಂಗಳ ನಂತರ ಪ್ರಫುಲ್ಲಾ ಅವರ ರಕ್ತ ನೋಡಿ ಮುಖ ಸಪ್ಪೆ ಮಾಡಿದಳು. ಸಕ್ಕರೆ ಸ್ವಲ್ಪ ಇಳಿದಿತ್ತು, ಅಷ್ಟೇ.

"ಸಾಹೇಬ್ರ, ಭಾಭಿ ಇಷ್ಟ ದಿನದಾಗ ಏಕ್‌ದಂ ಠೀಕ್ ಆದ್ರು. ನಿಮಗ್ಯಾಕ ಆಗವಲ್ದು?"

ವೆಂಕಟಸುಬ್ಬಯ್ಯನವರು ಹೆಂಡತಿಯ ಕಡೆ ನೋಡಿದರು. ಉತ್ತರ ಏನಿರಬಹುದೆಂಬ ಕುತೂಹಲದಿಂದ ಅವಳೂ ಅವರನ್ನೇ ನೋಡುತ್ತಿದ್ದಳು.