ಬೇರೆಯವರ ಹೆಸರಿನ ಕಾರ್ಡು

ಅವನ ಜೇಬಿನಲ್ಲಿದ್ದ ಕೆಲಸದ ಕಾರ್ಡು ಅವನದಲ್ಲ. ಹಿಂದೆಂದೋ ಊರು ಬಿಟ್ಟುಹೋದ ಯಾರದೋ. ಅದರ ಮೇಲಿನ ಫೋಟೋ ಬೆವರಿಗೆ ಮಾಸಿಹೋಗಿತ್ತು. ಒಂಬತ್ತು ವರ್ಷದಿಂದ ಆ ಹೆಸರಿಗೇ ಓಗೊಡುತ್ತಾ ಅವನು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಇಂಥ ಕಾರ್ಡು ಆ ಬೀದಿಯಲ್ಲಿ ಮನೆಗೊಂದು ಸಿಗುತ್ತಿತ್ತು.

“ನಿಮ್ಮ ಹೆಸರಲ್ಲೇ ಒಂದು ಮಾಡಿಸ್ಕೊಳ್ರೀ” ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು.

“ಮೂಟೆ ಏನು ನನ್ನ ಹೆಸರು ಕೇಳುತ್ತಾ? ಹೊಸ ಕಾರ್ಡು ಅಂದ್ರೆ ಮೇಸ್ತ್ರಿ ಗೇಟಿನ ಹೊರಗೇ ನಿಲ್ಲಿಸ್ತಾನೆ. ಸುಮ್ನಿರು.”

ಕಾರ್ಡಿನಲ್ಲಿರುವುದು ಯಾರ ಹೆಸರೆಂದು ಅವಳು ಕೇಳಲಿಲ್ಲ. ಅವನು ಹೇಳಲೂ ಇಲ್ಲ.

ಒಂದು ಮಧ್ಯಾಹ್ನ ಮೂಟೆಗಳ ರಾಶಿ ಅವನ ಮೇಲೆ ಕುಸಿಯಿತು. ಅವಳು ಆಸ್ಪತ್ರೆಗೆ ಓಡಿ ಗಂಡನ ಹೆಸರು ಹೇಳಿದಳು. ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿ, “ಆ ಹೆಸರಿನವರು ಯಾರೂ ಇಲ್ಲಮ್ಮ” ಎಂದ. ಸಂಜೆಯವರೆಗೂ ಅವಳು ಬೆಂಚಿನ ಮೇಲೆ ಕೂತೇ ಇದ್ದಳು.

ಕೊನೆಗೆ ನರ್ಸಮ್ಮ ಬಳಿ ಬಂದರು. “ಏನಾದ್ರೂ ಗುರುತು ಹೇಳಿ.”

“ಎಡ ಹೆಗಲ ಮೇಲೆ ಗಂಟಿದೆ. ಮೂಟೆ ಹೊತ್ತೂ ಹೊತ್ತೂ ಆಗಿದ್ದು.”

“ಅಂಥ ಗಂಟಿನವರು ನನ್ನ ವಾರ್ಡಲ್ಲೇ ನಾಲ್ಕು ಜನ ಇದ್ದಾರೆ. ಬಂದು ನೋಡಿ.”

ನಾಲ್ಕನೆಯವನ ಮುಖ ಬ್ಯಾಂಡೇಜಿನಲ್ಲಿ ಮುಚ್ಚಿಹೋಗಿತ್ತು, ಒಂದು ಕಾಲು ಮುರಿದಿತ್ತು. ಮಂಚದ ಕೆಳಗೊಂದು ಚಪ್ಪಲಿ. ಕಿತ್ತ ಪಟ್ಟಿಗೆ ಹಸಿರು ತಂತಿ. ಆ ತಂತಿ ಸುತ್ತಿದವಳು ಅವಳೇ.

ಮೂರನೆಯ ದಿನ ಅವನಿಗೆ ಪೂರ್ತಿ ಎಚ್ಚರವಾಯಿತು. ನರ್ಸಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. “ಅಣ್ಣಾ, ನೀವು ಹೋಗಿಬಿಟ್ಟಿದ್ರೆ ನಿಮ್ಮ ಹೆಣಾನೂ ಇವರ ಕೈಗೆ ಸಿಗ್ತಿರಲಿಲ್ಲ. ನಮ್ಮ ಪುಸ್ತಕದಲ್ಲಿ ಸತ್ತವನು ಆ ಕಾರ್ಡಿನವನು ಆಗ್ತಿದ್ದ, ನೀವಲ್ಲ. ಈ ಕಾಲಿಗೆ ಪರಿಹಾರ ಕೇಳಿದ್ರೂ ಅವನನ್ನೇ ಕರ್ಕೊಂಡು ಬನ್ನಿ ಅಂತಾರೆ.”

“ಮೇಸ್ತ್ರಿ ಕೆಲಸದಿಂದ ತೆಗೆದ್ರೆ?”

“ಒಬ್ಬರೇ ಹೋದ್ರೆ ಹೆದರಿಸ್ತಾನೆ. ಬೀದಿಯವರೆಲ್ಲ ಸೇರಿ ಕಾರ್ಮಿಕರ ಕಚೇರಿಗೆ ಹೋಗಿ. ಸಂಘದವರನ್ನೂ ಜೊತೆಗೆ ಕರೀರಿ.”

ಅವನು ಹೆಂಡತಿಯ ಕಡೆ ನೋಡಿದ. ಅವಳು ಆ ಚಪ್ಪಲಿಯನ್ನು ಇನ್ನೂ ಮಡಿಲಲ್ಲೇ ಇಟ್ಟುಕೊಂಡಿದ್ದಳು. “ಬೀದಿಯವರಿಗೆ ಹೇಳು” ಎಂದ.

ಕಾಲು ಮೊದಲಿನಂತಾಗಲಿಲ್ಲ. ಪರಿಹಾರವೂ ಬರಲಿಲ್ಲ. ಆದರೂ ಹನ್ನೊಂದು ಜನ ತಂತಮ್ಮ ಹೆಸರಿನ ಕಾರ್ಡಿಗಾಗಿ ಒಟ್ಟಿಗೆ ಕಚೇರಿಗೆ ಹೋದರು. ಗುಮಾಸ್ತೆ ಒಂದು ಹೆಸರು ಕೂಗಿದಳು. ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ಕರೆಸಿಕೊಂಡವನು ಯಾರಿರಬಹುದೆಂದು ಅವನೂ ಎಲ್ಲರಂತೆ ಸುತ್ತ ನೋಡಿದ.

ಹೆಂಡತಿ ಮೊಣಕೈಯಿಂದ ತಿವಿದಳು. “ರೀ, ನಿಮ್ಮನ್ನೇ.”

ಕೂಲಿ ಕೆಲಸದ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಕೆಲಸಕ್ಕೆ ಹೊರಡುವ ಮುಂಚೆ ನಿಮ್ಮ ಕಾರ್ಡು ತೆಗೆದು ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಅದರಲ್ಲಿರುವ ಹೆಸರು ನಿಮ್ಮದಲ್ಲವಾದರೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಕಚೇರಿಗೆ ಹೊರಡಿ. ನಿಮ್ಮವರು ನಿಮ್ಮನ್ನು ಚಪ್ಪಲಿಯಿಂದ ಗುರುತು ಹಿಡಿಯುವ ದಿನ ಬರುವುದು ಬೇಡ.